ಹ್ಯಾಂಡಲ್ ಮೇಲಿನ ಹೆಸರು

ಇವತ್ತು ಬೆಳಿಗ್ಗೆ ಕ್ಯಾಂಪ್‌ಬೆಲ್‌ನ ನಮ್ಮ ಅಡುಗೆಮನೆಯಲ್ಲಿ ಅವಲಕ್ಕಿ ಡಬ್ಬಿ ತೆಗೆದರೆ ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ‘ಸುಧಾ’. ತೀರಿಹೋದ ನಮ್ಮ ವೈನಿ, ಅಣ್ಣನ ಹೆಂಡತಿ. ಹೋದವರ ಹೆಸರು ಪಾತ್ರೆಯ ಮೇಲೆ ಎಷ್ಟು ಗಟ್ಟಿಯಾಗಿ ಕೂತಿರುತ್ತದೆ ನೋಡಿ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಕೊರೆದವಳು ನಮ್ಮವ್ವ. ಹುಬ್ಬಳ್ಳಿಯಿಂದ ಈ ಪರದೇಶಕ್ಕೆ ಬಂದವಳೇ ಅಣ್ಣನಿಗೆ ದುಂಬಾಲು ಬಿದ್ದು ಹೆಸರು ಕೊರೆಯುವ ಮಷಿನ್ ತರಿಸಿಕೊಂಡಳು. ಎಲ್ಲರೂ ಮನೆಯಿಂದ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿಗೆ ಹೋದ ಪಾತ್ರೆ ತಿರುಗಿ ಬರಬೇಕಲ್ಲ! ನಾನು ಸುಮ್ಮನೆ ಕೂತಿದ್ದರೆ ನನ್ನ ಹಣೆಯ ಮೇಲೂ ಕೊರೆಯುತ್ತಿದ್ದಳೇನೋ.

ಅಣ್ಣನ ಕೆಲಸವೇ ಬಿರುಕು. ಲೋಹದಲ್ಲಿ ಒಂದು ಗೀರೋ ಕಚ್ಚೋ ಇದ್ದರೆ, ಮತ್ತೆ ಮತ್ತೆ ಭಾರ ಬಿದ್ದು ಅಲ್ಲಿ ಬಿರುಕು ಯಾವಾಗ ಹುಟ್ಟುತ್ತದೆ, ಎಷ್ಟು ಬೇಗ ಬೆಳೆಯುತ್ತದೆ ಎಂದು ಮುಂಚೆಯೇ ಹೇಳುವುದು. ಅದಕ್ಕೇ ಏನೋ, ಮನೆಯಲ್ಲೂ ಅವನ ಬಾಯಿಂದ ಹೌದು, ಅಲ್ಲ ಎಂಬುದು ಸಲೀಸಾಗಿ ಹೊರಡುವುದಿಲ್ಲ. “ಉಪ್ಪು ಬರೋಬರಿ ಐತೇನೋ?” ಎಂದು ಅವ್ವ ಕೇಳಿದರೂ, “ಹಂಗ ಒಮ್ಮಿಗೆ ಹೇಳಾಕ ಬರಂಗಿಲ್ಲವ್ವಾ, ನೋಡಬೇಕು.” ವೈನಿ ಹಣೆ ಚಚ್ಚಿಕೊಂಡು ನಗುತ್ತಿದ್ದರು.

ಆಗ ಅಣ್ಣನ ಮನೆ ಓಕ್ಲ್ಯಾಂಡಿನ ಗುಡ್ಡದ ಮೇಲೆ. ವೈನಿ ಕೆಳಗಿನ ಆಸ್ಪತ್ರೆಗೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಸೈಕಲ್ ಕಳುವಾಯಿತು. ಹೊಸದು ಬಂದ ಮೇಲೆ ಅವ್ವ ಬಿಟ್ಟಾಳೆಯೇ? ಹ್ಯಾಂಡಲ್ಲಿನ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ, ಒತ್ತಿ ಒತ್ತಿ ‘ಸುಧಾ’ ಎಂದು ಕೊರೆದಳು. ಅಣ್ಣ ನೋಡಿ ನಕ್ಕ. ಆಫೀಸಿನಲ್ಲಿ ಕೂದಲೆಳೆಯಷ್ಟು ಗೀರು ಕಂಡರೂ ಊಟ ಬಿಡುವವನು ಅಂದು ಹೆಂಡತಿಯ ಹೆಸರನ್ನಷ್ಟೇ ನೋಡಿದ.

ಮರುವರ್ಷ ಇಳಿಜಾರಿನಲ್ಲಿ ಹ್ಯಾಂಡಲ್ ಎರಡು ತುಂಡಾಯಿತು. ವೈನಿ ಉಳಿಯಲಿಲ್ಲ.

ಮುರಿದ ತುಂಡನ್ನು ಅಣ್ಣ ನನಗೊಬ್ಬಳಿಗೇ ತೋರಿಸಿದ. ಮುರಿದ ಜಾಗದಲ್ಲಿ ಒಂದರ ಹಿಂದೊಂದು ಸಣ್ಣ ಕಮಾನುಗಳು, ಬಿರುಕು ಬೆಳೆದ ಗುರುತು. ಎಲ್ಲವೂ ‘ಸು’ ಅಕ್ಷರದ ಬಾಲದಿಂದ ಹೊರಟಿದ್ದವು. “ಅವ್ವಗ ಹೇಳಬ್ಯಾಡ,” ಎಂದ. ರಸ್ತೆ ಸರಿ ಇರಲಿಲ್ಲ ಎಂದುಬಿಟ್ಟೆವು. ದೇವರೇ, ಯಾರಿಗೂ ಬೇಡ ಇಂಥ ಗುಟ್ಟು.

ಇವತ್ತು ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು, ಅಷ್ಟರಲ್ಲಿ ಅಣ್ಣ ತನ್ನ ಮಗಳು ನಿಧಿಯನ್ನು ಅವಳ ಹೊಸ ಸೈಕಲ್ಲಿನ ಸಮೇತ ಕರೆತಂದ. “ಅಜ್ಜಿ, ಪುಟ್ ಮೈ ನೇಮ್, ಲೈಕ್ ಅಮ್ಮಾಸ್!” ಎಂದಳು ಹುಡುಗಿ. ಅಮ್ಮನ ಹೆಸರಿನಂತೆ ತನ್ನದೂ ಬೇಕಂತೆ. ಅವ್ವ ಖುಷಿಯಿಂದ ಮಷಿನ್ ತಂದು ಪ್ಲಗ್ ಹಾಕಿದಳು. ಅಣ್ಣ ಧಾವಿಸಿ ಬಂದು ವೈರು ಕಿತ್ತ.

“ಬ್ಯಾಡವ್ವಾ! ಹ್ಯಾಂಡಲ್ ಮ್ಯಾಲೆ ಬ್ಯಾಡ!”

ಅವ್ವ ಅವನ ಮುಖವನ್ನೇ ನೋಡಿದಳು. “ಖರೇ ಹೇಳು. ಅವತ್ತು ನಾ ಕೊರದಲ್ಲೇ ಮುರೀತೇನು?”

“ಅಲ್ಲ,” ಎಂದ ಅಣ್ಣ, ಒಂದು ಕ್ಷಣವೂ ತಡೆಯದೆ.

ಹೆತ್ತವಳಲ್ಲವೇ ಅವಳು, ಉಪ್ಪಿಗೂ ‘ನೋಡಬೇಕು’ ಎನ್ನುವವನ ಆ ‘ಅಲ್ಲ’ ತಿಳಿಯದೇ? ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕೂತಳು. ಊಟಕ್ಕೆ ಕರೆದಾಗಲೂ ಆ ಕೈಯನ್ನು ಹೊರಗೆ ತೆಗೆಯಲಿಲ್ಲ. ನಾನೇ ತುತ್ತು ಮಾಡಿ ಉಣಿಸಿದೆ.