ಪೂಜೆಯ ನಡುವೆ ಬಂದ ಮೂರು ಕರೆಗಳು

ಹನ್ನೊಂದು ದಿನ ನನ್ನ ಮಗಳು ಗಿರಿಜಾ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆ ದಿನಗಳಲ್ಲಿ ನಾನು ಶಿವನನ್ನು ಬೇಡಿದ್ದನ್ನೂ ಅವನು ಕೊಟ್ಟ ಬಗೆಯನ್ನೂ ಶರಣಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತಿದ್ದೇನೆ.

ನಮ್ಮ ಮನೆ ಚಿಕ್ಕಲಸಂದ್ರದಲ್ಲಿದೆ. ನಾನು ಮಠದ ವಸತಿನಿಲಯದಲ್ಲಿ ಗಂಟೆಯ ಸದ್ದಿಗೆ ಎದ್ದು ಬೆಳೆದವನು, ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತನಾದವನು. ಎಂಟೂವರೆಯಿಂದ ಒಂಬತ್ತೂಕಾಲಿನವರೆಗೆ ಇಷ್ಟಲಿಂಗ ಪೂಜೆ. ಲಿಂಗ ಅಂಗೈಯಲ್ಲಿರುವಾಗ ನಾನು ಮಾತಾಡುವುದಿಲ್ಲ, ಮನೆಯವರು ಯಾರೂ ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ.

ಗಂಡ ಬಿಟ್ಟ ಮೇಲೆ ಗಿರಿಜಾ ಎರಡು ವರ್ಷ ಮನೆಯಿಂದ ಹೊರಗೇ ಹೋಗಿರಲಿಲ್ಲ. ಜಯನಗರದ ಫರ್ನಿಚರ್ ಮಳಿಗೆಯಲ್ಲಿ ಸೇಲ್ಸ್ ಕೆಲಸವಿದೆ ಎಂದು ತಿಳಿದಾಗ ತಾನಾಗಿಯೇ ಅರ್ಜಿ ತಂದಳು. ತುಂಬಿದವನು ನಾನು. ಅವಳು ಫೋನನ್ನು ಎಲ್ಲೆಂದರಲ್ಲಿ ಇಡುತ್ತಾಳೆಂದು ನನ್ನ ನಂಬರನ್ನೇ ಬರೆದೆ. ಮೊದಲು ಫೋನಿನಲ್ಲೇ ಇಂಟರ್ವ್ಯೂ, ಸೋಮವಾರ ಒಂಬತ್ತೂವರೆಗೆ ಎಂದು ಮಳಿಗೆಯವರು ತಿಳಿಸಿದರು.

ಕರೆ ಬಂದದ್ದು ಒಂಬತ್ತು ಗಂಟೆಗೆ. ಫೋನು ನನ್ನ ಪಕ್ಕದ ಮಣೆಯ ಮೇಲಿತ್ತು. ಗಿರಿಜಾ ಓಡಿಬಂದು ಹೊಸ್ತಿಲಲ್ಲಿ ನಿಂತಳು. "ಅಪ್ಪ, ಅವರೇ ಇರ್ಬೇಕು, ಕೊಡಿ" ಎಂದಳು. ನಾನು ಬಲಗೈ ಎತ್ತಿ ತಡೆದೆ. ಮೂರು ಸಲ ಕರೆ ಬಂದು ನಿಂತಿತು. ಒಂಬತ್ತೂಕಾಲಿಗೆ ಫೋನನ್ನು ಅವಳ ಕೈಗೆ ಕೊಟ್ಟೆ.

ಅವಳೇ ಕರೆ ಮಾಡಿದಳು. ನಾನು ಸ್ಪೀಕರ್ ಹಾಕಿಸಿದೆ. ಅತ್ತ ಒಬ್ಬ ಹುಡುಗುದನಿಯ ಮ್ಯಾನೇಜರ್.

"ಮೂರ್ ಸಲ ಮಾಡ್ದೆ ಮೇಡಂ. ಕಸ್ಟಮರ್ ಮಾಡಿದ್ರೂ ಹಿಂಗೇನಾ?"

"ಸಾರಿ ಸಾರ್, ನಮ್ಮಪ್ಪ ಪೂಜೆಲಿದ್ರು."

"ಓ. ಅಪ್ಪನ ಪೂಜೆ ಮುಗಿದ್ಮೇಲೆ ಸೋಫಾ ಮಾರ್ತೀರಾ?"

ಅವನ ಪಕ್ಕದಲ್ಲಿ ಯಾರೋ ನಕ್ಕರು. ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಅವಳು ತಡವರಿಸಿದಳು. ನನಗೆ ತಡೆಯಲಾಗಲಿಲ್ಲ. ಒಂಬತ್ತೂವರೆ ಎಂದವರು ನೀವು, ಅರ್ಧ ಗಂಟೆ ಮುಂಚೆ ಕರೆದದ್ದು ನಿಮ್ಮ ತಪ್ಪು ಎಂದು ನಡುವೆ ಬಾಯಿ ಹಾಕಿದೆ.

"ಅಂಕಲ್, ನೀವೇ ಬನ್ನಿ ಕೆಲಸಕ್ಕೆ. ವಾಚ್‌ಮನ್ ಪೋಸ್ಟ್ ಖಾಲಿ ಇದೆ" ಎಂದು ಅವನು ಕಟ್ ಮಾಡಿದ.

ಸಮಯ ಪಾಲಿಸದವರ ಬಳಿ ಕೆಲಸವೇ ಬೇಡ ಎಂದು ನಾನು ಮಗಳಿಗೆ ಹೇಳಿದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಅಂದಿನಿಂದ ಮೌನ. ತಿಂಡಿ ಒಂಬತ್ತೂವರೆಗೆ, ಊಟ ಒಂದಕ್ಕೆ, ಕಾಫಿ ನಾಲ್ಕಕ್ಕೆ, ಒಂದು ನಿಮಿಷವೂ ಆಚೀಚೆಯಾಗದಂತೆ ತಂದಿಡುತ್ತಿದ್ದಳು. ನಾನು ಮಾತಾಡಿಸಿದರೆ ಗೋಡೆಗೆ ಆಡಿದಂತೆ. ಮೊದಲ ದಿನಗಳಲ್ಲಿ ಅವಳಿಗೆ ಬುದ್ಧಿ ಕೊಡು ಎಂದು ಬೇಡಿದೆ. ಆರನೆಯ ದಿನದಿಂದ ಬೇಡಿಕೆ ಒಂದೇ: ಅವಳು ನನ್ನೊಡನೆ ಮಾತಾಡಲಿ.

ಹನ್ನೆರಡನೆಯ ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ಗೇಟಿನ ಸದ್ದಾಯಿತು. ಕಿಟಕಿಯಲ್ಲಿ ಗಿರಿಜಾ ಬ್ಯಾಗು ಹಿಡಿದು ಹೋಗುವುದು ಕಂಡಿತು. ನನ್ನನ್ನು ಎಬ್ಬಿಸಿದವನು ಶಿವನೇ, ನಾನಾಗಿ ಏಳುವವನಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಬರಿಗಾಲಲ್ಲಿ ಬಸ್ ಸ್ಟಾಪಿಗೆ ಓಡಿದೆ. ಎಲ್ಲಿಗಮ್ಮ ಎಂದು ಕೇಳಿದೆ.

ಅವಳು ನನ್ನ ಹಣೆಯ ಹಸಿ ವಿಭೂತಿಯನ್ನು ನೋಡಿದಳು.

"ಪೂಜೆ ಮುಗೀತಾ?"

"ಇಲ್ಲ."

"ಅವತ್ತೂ ಏಳ್ಬೋದಿತ್ತಲ್ಲಪ್ಪ."

ಎಲ್ಲಿಗೆ ಹೊರಟೆ ಎಂದು ಮತ್ತೆ ಕೇಳಿದೆ. ಬನಶಂಕರಿಯ ಸೀರೆ ಅಂಗಡಿಯಲ್ಲಿ ಸೇಲ್ಸ್‌ಗೆ ತೆಗೆದುಕೊಂಡಿದ್ದಾರೆ ಎಂದಳು. ಎಷ್ಟು ಹೊತ್ತಿಗೆ ಮನೆಗೆ ಬರುತ್ತೀಯ ಎಂದು ಕೇಳಿದೆ.

"ಅದ್ ನಿಮಗ್ಯಾಕೆ? ಈ ಸಲ ನನ್ ನಂಬರ್ ಕೊಟ್ಟಿದೀನಿ."

ಬಸ್ಸು ಬಂತು. ಹತ್ತಿದಳು. ತಿರುಗಿ ನೋಡಲಿಲ್ಲ.

ಬಂಧುಗಳೇ, ನಾನು ಬೇಡಿದ್ದು ಅವಳ ಮಾತನ್ನು. ಮೆತ್ತಗಿನ ಮಾತು ಕೊಡು ಎಂದು ಕೇಳಿರಲಿಲ್ಲ. ಕೇಳಿದ್ದನ್ನು ಶಿವ ಕೊಟ್ಟ, ನನಗೆ ಸಲ್ಲಬೇಕಾದ ರೀತಿಯಲ್ಲೇ ಕೊಟ್ಟ. ಅವನಿಗೆ ಶರಣು.