ಹನ್ನೊಂದು ದ್ವೀಪಗಳು

ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ಇಪ್ಪತ್ತೆರಡು ವರ್ಷದಿಂದ ಒಂದೇ ಕನ್ನಡಕದಂಗಡಿಯಲ್ಲಿ ನಿಂತೇ ಕೆಲಸ. ಬಂದವರನ್ನು ಅಕ್ಷರದ ಹಲಗೆಯೆದುರು ಕೂರಿಸಿ, ಒಂದೊಂದೇ ಗಾಜು ಹಾಕಿ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಕೇಳಬೇಕು. "ಎರಡೂ ಒಂದೇ ಥರ ಇದೆಯಮ್ಮ" ಎನ್ನುವವರ ಬಾಯಿಂದ ಉತ್ತರ ಹೊರಡಿಸಬೇಕು. ಆಮೇಲೆ ಒಳಕೋಣೆಯ ಯಂತ್ರದಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಬೇಕು. ಹೀಗೆ ದಿನವಿಡೀ ಜನರ ಜೊತೆ ಏಗಿ ಏಗಿ ಅವಳಿಗೆ ಎಲ್ಲಿಲ್ಲದ ತಾಳ್ಮೆ ಬಂದಿತ್ತು. ಅಂಥ ತಾಳ್ಮೆಯನ್ನೂ ಎರಡೇ ವಾರದಲ್ಲಿ ಖಾಲಿ ಮಾಡಿದವರು ಅವಳ ಗಂಡ.

ಮದುವೆಯಾಗಿ ಇಪ್ಪತ್ತೈದು ವರ್ಷ. ಭಾನುವಾರ ಮದುವೆ ಮುಗಿದರೆ ಮಂಗಳವಾರ ಗಂಡ ತಮ್ಮ ಬಣ್ಣದಂಗಡಿಯ ಕೆಲಸಕ್ಕೆ ಹಾಜರ್. ಎಲ್ಲಿಗಾದರೂ ಹೋಗೋಣ ಎಂದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಕೊನೆಗೆ ಅತ್ತೆ ಮೂರು ವರ್ಷ ಹಾಸಿಗೆ ಹಿಡಿದರು. ಬೆಳಿಗ್ಗೆ ಅವರ ಮೈ ಒರೆಸಿ ಅಂಗಡಿಗೆ ಓಡಿ, ಮಧ್ಯಾಹ್ನ ಉಣಿಸಲು ಬಂದು, ಮತ್ತೆ ಓಡಿದವಳು ಇವಳೇ. ಅವರು ತೀರಿಕೊಂಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಫೋನಿನಲ್ಲಿ ಹವಳದ ದ್ವೀಪವೊಂದು ಕಣ್ಣಿಗೆ ಬಿತ್ತು. ಒಂಬತ್ತೇ ಗುಡಿಸಲು, ಸುತ್ತ ಸಮುದ್ರ, ತಿಳಿನೀರಿನಡಿ ಬಣ್ಣಬಣ್ಣದ ಹವಳ. ದಂಪತಿಗಳಿಗೆ ಹೇಳಿಮಾಡಿಸಿದ ಏಕಾಂತ, ನಿಮ್ಮನ್ನು ಕೂಗಿ ಕರೆಯುವವರು ಯಾರೂ ಇಲ್ಲ ಎಂದು ಬರೆದಿತ್ತು. ಆ ಕೊನೆಯ ಮಾತನ್ನು ಅವಳು ಎರಡು ಸಲ ಓದಿದಳು.

ಅಂಥ ದ್ವೀಪಗಳಿಗೆ ಗಾಳಿ ತಿರುಗಿ ಮಳೆಗಾಲ ಬರುವ ತನಕ ಮಾತ್ರ ದೋಣಿ. ಅದಕ್ಕೆ ಇನ್ನೆರಡು ತಿಂಗಳಿತ್ತು. ಅದು ತಪ್ಪಿದರೆ ಮುಂದಿನ ವರ್ಷವೇ. ಅವಳು ಅಂಗಡಿಯ ಯಜಮಾನರ ಬೆನ್ನು ಬಿದ್ದು ಹತ್ತು ದಿನ ರಜೆ ಗಿಟ್ಟಿಸಿಕೊಂಡಳು. ಇನ್ನು ಗಂಡ ಹೂಂ ಅನ್ನುವುದೊಂದೇ ಬಾಕಿ. ಅದೇನು ದೊಡ್ಡ ಕೆಲಸ ಎಂದುಕೊಂಡಿದ್ದಳು, ಪಾಪ.

ಗಂಡ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವವರು. ಹಳೆ ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಅದೇ ಬಣ್ಣವನ್ನು ಡಬ್ಬದಲ್ಲಿ ಎಬ್ಬಿಸಿ ಕೊಡುತ್ತಿದ್ದರು. ಅದಕ್ಕೇ ಊರಿಗೆಲ್ಲ ಬಣ್ಣದ ಮೇಷ್ಟ್ರು. ಬಣ್ಣದ ವಿಷಯದಲ್ಲಿ ಅವರ ಮಾತಿಗೆ ಎದುರಾಡಿದವರಿಲ್ಲ. ಅವರು ಮೊದಲ ಚಿತ್ರ ನೋಡಿ ಮೂಗು ಮುರಿದರು.

"ಏನೇ ಇದು, ನೀರು ಪಾಚಿ ಕಟ್ಟಿದ ಹಾಗಿದೆ?"

"ಪಾಚೀನಾ? ಅಚ್ಚ ನೀಲಿ ಕಣ್ರೀ ಅದು!"

"ನೀಲಿ ಯಾವುದು ಅಂತ ನನಗೇ ಹೇಳಿಕೊಡ್ತೀಯಾ?"

ಹೋಗಲಿ ಎಂದು ಅವಳು ಎರಡನೆಯದನ್ನು ಹುಡುಕಿದಳು. ಅಲ್ಲಿಯ ಮರಳು ಹಳದಿ ಹಿಡಿದಿದೆಯಂತೆ. ಮೂರನೆಯದರ ಹವಳ ಬೂದಿ ಗುಡ್ಡೆಯ ಹಾಗಿದೆಯಂತೆ. ನಾಲ್ಕನೆಯದನ್ನು ಹತ್ತಿರ ಹಿಡಿದು, ದೂರ ಹಿಡಿದು, "ಇಲ್ಲಿ ಯಾರೋ ಪಾತ್ರೆ ತೊಳೆದಿದ್ದಾರೆ" ಎಂದು ತೀರ್ಪು ಕೊಟ್ಟರು. ಆರನೆಯದರ ಹೊತ್ತಿಗೆ ತಪ್ಪು ಫೋನಿನದಾಯಿತು. ಅವಳು ಹಲ್ಲು ಕಚ್ಚಿಕೊಂಡು, ಕನ್ನಡಕ ಒರೆಸುವ ಬಟ್ಟೆಯಿಂದ ಫೋನಿನ ಗಾಜು ಒರೆಸಿ, ಬೆಳಕು ಹೆಚ್ಚಿಸಿ ಮತ್ತೆ ತೋರಿಸಿದಳು. ಬೆಳಕು ಹೆಚ್ಚಾದದ್ದರಿಂದ ಕೊಳಕು ಇನ್ನೂ ಚೆನ್ನಾಗಿ ಕಾಣುತ್ತಿದೆ ಎಂದರು! ಕನ್ನಡಕದಕ್ಕನಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಹನ್ನೊಂದನೆಯ ದ್ವೀಪಕ್ಕೂ ಅವರು ಬೇಡವೆಂದು ತಲೆಯಾಡಿಸಿದ ದಿನ ಅವಳಿಗೆ ರೇಗಿಹೋಯಿತು.

"ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಸಮುದ್ರದ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

"ಇಷ್ಟ ಇಲ್ಲ ಅಂತ ಯಾರಂದ್ರು? ಹೋಗೋದು ಒಂದೇ ಸಲ. ಒಳ್ಳೇ ಕಡೆ ಹೋಗೋಣ ಅಂದೆ."

ಅವಳು ಎದ್ದು ಹೋದಳು. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದವರಿಗೆ ಹತ್ತು ದಿನ ತನ್ನೊಬ್ಬಳ ಜೊತೆಗಿರುವುದು ಬೇಡವಾಗಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಸಿಟ್ಟಿಗಿಂತ ಅವಮಾನವೇ ಹೆಚ್ಚು ಉರಿಯಿತು.

ಹೆಂಡತಿ ಮಾತು ಬಿಟ್ಟದ್ದನ್ನು ಮೇಷ್ಟ್ರಿಗೆ ನಾಲ್ಕು ದಿನವೂ ತಡೆಯಲಾಗಲಿಲ್ಲ. ಭಾನುವಾರ ಅವಳು ಅರ್ಧ ದಿನದ ಕೆಲಸಕ್ಕೆ ಹೊರಟಾಗ, "ಬರೋಷ್ಟರಲ್ಲಿ ಮಲಗೋ ಕೋಣೆಗೆ ಹೊಸ ಬಿಳಿ ಬಣ್ಣ ಹೊಡೆದಿರ್ತೀನಿ" ಎಂದು ಪೂಸಿ ಹೊಡೆದರು. ಅವಳು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತಳು. ನಾಲ್ಕು ಗೋಡೆಯೂ ನೀಲಿ.

"ಬಿಳಿ ಅಂದಿದ್ರಲ್ಲ?"

"ಬಿಳೀನೇ. ಡಬ್ಬದ ಬಣ್ಣ ಯಾಕೋ ಹಳದಿ ಹೊಡೀತಿತ್ತು. ಒಂದಿಷ್ಟು ನೀಲಿ ಬಿಟ್ಟು ಸರಿ ಮಾಡ್ದೆ. ಈಗ ನೋಡು, ಅಪ್ಪಟ ಬಿಳಿ!" ಮೇಷ್ಟ್ರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಬೈಯಲು ತೆರೆದ ಅವಳ ಬಾಯಿ ಹಾಗೆಯೇ ಉಳಿಯಿತು. ಬಿಳಿಯದೆಲ್ಲ ಹಳದಿಯಾಗಿ ಕಾಣುತ್ತದೆ ಎಂದು ವಾರಕ್ಕೊಬ್ಬರಾದರೂ ಮುದುಕರು ಅವಳ ಮುಂದೆ ಕೂತು ಹೇಳುತ್ತಿದ್ದರು. ಅವಳು ಗಂಡನನ್ನು ಕಿಟಕಿಯ ಬಳಿ ಎಳೆದು, ಕನ್ನಡಕ ಕಿತ್ತು, ಫೋನಿನ ದೀಪ ಹಿಡಿದಳು. ಕಣ್ಣ ಪಾಪೆ ಕಪ್ಪಗಿರಲಿಲ್ಲ, ನೀರು ಚಹಾದ ಬಣ್ಣಕ್ಕಿತ್ತು. ಇನ್ನೊಂದೂ ಹಾಗೆಯೇ.

"ಅಯ್ಯೋ, ಎರಡೂ ಕಣ್ಣಿಗೆ ಪೊರೆ ಬಂದಿದೆಯಲ್ರೀ!"

"ಪೊರೆ ಬರೋಕೆ ನಾನೇನು ಮುದುಕನಾ?"

"ಬಾಯಿ ಮುಚ್ಚಿಕೊಂಡು ನಿಂತ್ಕೊಳ್ಳಿ!"

ಊರವರ ಕಣ್ಣನ್ನೆಲ್ಲ ಪರೀಕ್ಷಿಸಿದವಳು ಗಂಡನನ್ನು ಆ ಕುರ್ಚಿಯಲ್ಲಿ ಕೂರಿಸಿ ಏಳು ವರ್ಷವಾಗಿತ್ತು. ಅವರು ಕನ್ನಡಕದ ಮೇಲೆ ಕೂತು ಮುರಿದಾಗಲೆಲ್ಲ, "ಹಳೇ ನಂಬರೇ ಹಾಕಿಬಿಡು, ನನಗೇನಾಗಿದೆ" ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕೆಲಸವೇ ಎಂದು ಇವಳೂ ಹಳೆಯ ನಂಬರನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಿದ್ದಳು. ಈಗ ಯಾರನ್ನು ಬೈಯುವುದು? ಇಬ್ಬರನ್ನೂ ಬೈದಳು, ಅವರನ್ನು ಜೋರಾಗಿ, ತನ್ನನ್ನು ಮನಸ್ಸಿನಲ್ಲೇ.

ಕಣ್ಣಿನ ಡಾಕ್ಟರು ಮುಂದಿನ ವಾರ ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು ಎಂದರು. ಅದೆಲ್ಲ ಮಾಗುವ ತನಕ ಸಮುದ್ರದ ನೀರು ಕಣ್ಣಿಗೆ ಸೋಕಬಾರದು. ಕ್ಯಾಲೆಂಡರಿನಲ್ಲಿ ಆ ಹತ್ತು ದಿನ ಸರಿಯಾಗಿ ಅದರ ನಡುವೆಯೇ ಬಂದು ಕೂತಿತ್ತು. ಈ ವರ್ಷದ ದ್ವೀಪ ಮುಳುಗಿತು. ಅವಳು ಯಜಮಾನರಿಗೆ ರಜೆ ಬೇಡ ಎಂದು ಹೇಳಿ, ಒಳಕೋಣೆಗೆ ಹೋಗಿ, ಗಾಜು ಉಜ್ಜುವ ಯಂತ್ರವನ್ನು ಸುಮ್ಮನೆ ಚಾಲು ಮಾಡಿ, ಆ ಸದ್ದಿನಲ್ಲಿ ಚೆನ್ನಾಗಿ ಅತ್ತಳು.

ಆಪರೇಷನ್ ಆದ ಮರುದಿನ ಬೆಳಿಗ್ಗೆ ನರ್ಸ್ ಬಂದು ಪಟ್ಟಿ ಬಿಚ್ಚಿದರು. ಮೇಷ್ಟ್ರು ಮೊದಲು ಹಾಸಿಗೆಯ ಹೊದಿಕೆ ನೋಡಿದರು, ಆಮೇಲೆ ಗೋಡೆ, ಆಮೇಲೆ ನರ್ಸಿನ ಬಟ್ಟೆ. "ಇಷ್ಟು ಬಿಳಿ!" ಎಂದು ಮಕ್ಕಳ ಹಾಗೆ ನಕ್ಕರು. ಕನ್ನಡಕದಕ್ಕ ಕೈಕಟ್ಟಿಕೊಂಡು ಗೋಡೆಗೊರಗಿ ನಿಂತಿದ್ದಳು. ಈಗ ಗೊತ್ತಾಯಿತಾ ಎಂದು ಕೇಳಲು ನಾಲಿಗೆ ತುದಿಯಲ್ಲಿ ಮಾತು ಸಿದ್ಧವಿತ್ತು.

ಅಷ್ಟರಲ್ಲಿ ಅವರು ಅವಳ ಕಡೆ ತಿರುಗಿದರು. ಹೊಸ ಕಣ್ಣು ಮುಚ್ಚಿ ಹಳೆಯದರಲ್ಲಿ ನೋಡಿದರು, ಹಳೆಯದನ್ನು ಮುಚ್ಚಿ ಹೊಸದರಲ್ಲಿ ನೋಡಿದರು. ನಗು ನಿಂತುಹೋಯಿತು.

"ಏನ್ರೀ, ಹಾಗೆ ನೋಡ್ತೀರಿ?"

"ನಿನ್ನ ಕೂದಲು..."

"ಬೆಳ್ಳಗಾಗಿದೆ. ಎಲ್ಲರಿಗೂ ಕಾಣುತ್ತೆ."

"ಕಣ್ಣಿನ ಕೆಳಗೆ ಇಷ್ಟೊಂದು ಕಪ್ಪು..."

"ಅತ್ತೆ ಮಲಗಿದಾಗಿಂದ ಇದೆ."

ಮೇಷ್ಟ್ರು ಕೈ ಚಾಚಿ ಅವಳ ಮಣಿಕಟ್ಟು ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು.

"ಇಷ್ಟು ದಣಿದಿದ್ದೀಯ. ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವಳಿಗೆ ಮತ್ತೆ ರೇಗಿತು.

"ಹೇಳಿದ್ನಲ್ರೀ," ಎಂದಳು. "ಹನ್ನೊಂದು ದ್ವೀಪ ತೋರಿಸಿ ಹೇಳಿದೆ."