ಚಾರ್ಜ್ ಇರೋ ತನಕ

ಮೊಬೈಲ್‌ನ್ಯಾಗ ದೇವರ ಹಾಡು ಹಚ್ಚಿದರ ನನಗ ಈಗ ಮೈ ಉರಿತೈತಿ. ನಾನು ಮದುವಿ ಆಗಿ ಬಂದ ಸಿರುಗುಪ್ಪದ ಈ ಓಣ್ಯಾಗ ಬೆಳಗಾದರ ಸಾಕು, ಒಂದು ಮನ್ಯಾಗ ಶಿವನ ಹಾಡು, ಎದುರು ಮನ್ಯಾಗ ತೆಲುಗು ಭಜನಿ, ನಡುನಡುವೆ ಸಾಬೂನಿನ ಜಾಹೀರಾತು. "ಬಂದ್ ಮಾಡ್ರೆವ್ವಾ" ಅಂತ ಒದರಬೇಕು ಅನ್ನಿಸ್ತೈತಿ. ಒದರೋದಿಲ್ಲ. ಅವರ ದೇವರು ಅವರಿಗೆ.

ನನ್ನ ತವರುಮನಿ ಕುರುಗೋಡು. ಅಪ್ಪಂದು ಹಿಟ್ಟಿನ ಗಿರಣಿ. ಗಿರಣಿ ಸಪ್ಪಳದಾಗ ಮಾತಾಡಿ ಮಾತಾಡಿ ಅವನ ದನಿ ದೊಡ್ಡದಾಗಿಬಿಟ್ಟಿತ್ತು. ಸೋಮವಾರ ಗುಡಿ ಭಜನ್ಯಾಗ ಅವನು ಬಾಯಿ ತೆಗೆದರ ಮೈಕ್ ಬೇಕಾಗ್ತಿದ್ದಿಲ್ಲ. ಅದೇ ಗಂಟಲಿಗೆ ಹುಣ್ಣು ಬಂತು. ಬಳ್ಳಾರಿ ಡಾಕ್ಟರು, "ದನಿಪೆಟ್ಟಿಗಿ ತೆಗೀಬೇಕು. ಜೀವ ಉಳಿತೈತಿ, ಮಾತು ಉಳಿಯಂಗಿಲ್ಲ" ಅಂದ್ರು. ಬಸ್ಸು ಹೋತು, ಮುಂದಿಂದಕ್ಕ ಬರ್ರಿ ಅಂದಂಗ ಹೇಳಿದ್ರು.

ಅವ್ವನ ಹತ್ರ ಒಂದು ಬಟನ್ ಮೊಬೈಲ್ ಇತ್ತು. ಬಳ್ಳಾರಿ ಕೌಲ್ ಬಜಾರಿನ ಅಂಗಡ್ಯಾಗ ಅದಕ್ಕ ಮೆಮೊರಿ ಕಾರ್ಡ್ ತುಂಬ ದೇವರ ಹಾಡು ಹಾಕಿಸಿಕೊಂಡು ಬಂದಿದ್ದಳು. ಮುಂಜಾನಿ ಜಗಲಿ ಮ್ಯಾಲ ಇಟ್ಟು ಹಚ್ಚಿದಳಂದ್ರ ಅದು ಸಣ್ಣಗ ಹಾಡಿಕೋತ ಇರೋದು. ರಾತ್ರಿ ಫುಲ್ ಚಾರ್ಜ್ ಮಾಡಿಟ್ಟಿದ್ದು ಮರುದಿನ ಪೂಜಿ ಹೊತ್ತಿಗೇ ತೀರೋದು. ಆಪರೇಷನ್ನಿಗೆ ಹೋಗೋಕಿಂತ ಮುಂಚೆ ಅಪ್ಪ ಅವ್ವನ್ನ ಗಿರಣ್ಯಾಗ ಕೂಡಿಸಿಕೊಂಡು ಅದೇ ಮೊಬೈಲಿಗೆ ತನ್ನ ದನಿ ರೆಕಾರ್ಡ್ ಮಾಡಿಸಿದ. "ಓಂ ನಮಃ ಶಿವಾಯ", ಅಷ್ಟೇ, ತನ್ನ ಧಾಟಿಯೊಳಗ. ನಡುವೆ ಒಂದು ಸಲ ಕೆಮ್ಮಿದ್ದ. ಕಡಿಗೆ ಅವ್ವಗ, "ಆತು, ಬಂದ್ ಮಾಡಿನ್ನ" ಅಂದಿದ್ದ. ಅದೂ ಅದರಾಗ ಉಳಿದಿತ್ತು.

ಆಮ್ಯಾಲ ಅಪ್ಪನ ಕೊರಳಾಗ ಒಂದು ತೂತು, ಅದರಾಗ ಬರೇ ಉಸಿರು. ಅವ್ವನ್ನ ಚಪ್ಪಾಳಿ ತಟ್ಟಿ ಕರಿಯೋನು. ಕಾರ್ಡಿನ ಹಾಡನ್ನೆಲ್ಲ ಅವ್ವ ಮರೆತೇಬಿಟ್ಟಳು. ಮುಂಜಾನಿ ಅವನ ದನಿ ಹಚ್ಚೋಳು. ಅವನು ಜಗಲಿ ಮುಂದ ಕುಂತು ತುಟಿ ಅಲ್ಲಾಡಿಸೋನು. "ಬಂದ್ ಮಾಡಿನ್ನ" ಅಂದ ಕೂಡಲೇ ಅದು ಹೊಳ್ಳಿ ಮೊದಲಿಂದ ಶುರು ಆಗೋದು. ನನ್ನ ಮೊಬೈಲಿಗೂ ಹಾಕಿಕೊಳ್ತೀನಿ ಅಂದಾಗ ಅವ್ವ, "ಬ್ಯಾಡವ್ವಾ. ನಿಮ್ಮ ಮೊಬೈಲ್‌ನ್ಯಾಗ ನಿಮ್ಮಪ್ಪನ ಬೆನ್ನಿಗೇ ಸಾಬೂನು ಮಾರಾಕ ಬರ್ತಾರ" ಅಂದ್ಳು. ಅಪ್ಪ ಸಪ್ಪಳಿಲ್ಲದ ನಗಿ ನಕ್ಕ. ನಾನೂ ನಕ್ಕೆ.

ಬ್ಯಾನಿ ಹೊಳ್ಳಿ ಬಂತು. ಒಂದು ನಸುಕಿನ್ಯಾಗ ಅಪ್ಪ ಹೋದ. ನಾನು ತೆಕ್ಕಲಕೋಟಿ ದಾಟಿ ಊರು ಮುಟ್ಟೋದ್ರಾಗ ಅವನನ್ನ ಕೂಡಿಸಿದ್ದರು. ನಮ್ಮವರು ಹೆಣ ಮಲಗಿಸೋದಿಲ್ಲ. ಹಣಿಗೆ ಇಬತ್ತಿ ಹಚ್ಚಿ, ಗ್ವಾಡಿಗೆ ಆನಿಸಿ ಕೂಡಿಸ್ತೀವಿ, ಕುಂತಂಗೇ ಮಣ್ಣಿಗೆ ಇಡ್ತೀವಿ. ಹೋದವರ ಕಿವ್ಯಾಗ ಮಂತ್ರ ಹೇಳೋದು ಪದ್ಧತಿ. ಅವ್ವ ರಾತ್ರಿ ಚಾರ್ಜಿಗೆ ಹಾಕಿದ್ದ ಮೊಬೈಲ್ ತೆಗೆದು, ಅಪ್ಪನ ದನೀನೇ ಹಚ್ಚಿ, ಶಾಲಿನ ಮಡಿಕ್ಯಾಗ, ಕಿವಿ ಹತ್ರ ಸಿಗಿಸಿದ್ದಳು. ಬಾಯಿ ಮುಚ್ಚಿದ ಹೆಣದಿಂದ ಆ ದೊಡ್ಡ ದನಿ! ಬಂದವರು ಬಾಗಿಲದಾಗೇ ನಿಂತುಬಿಟ್ಟರು. ನನಗೂ ಅಂಜಿಕಿ ಬಂತು. "ಬಂದ್ ಮಾಡಿನ್ನ" ಅಂದಾಗೊಮ್ಮೆ ಅವ್ವ ಸೆರಗು ಬಾಯಿಗೆ ಒತ್ತಿಕೊಳ್ಳೋಳು.

ಹೂವಿನ ಹಾರ ಬಿದ್ದವು, ಮೊಬೈಲ್ ಮುಚ್ಚಿಹೋತು. ಭಜನಿಯವರು ಬಂದು ತಾಳ ಬಾರಿಸಿದ ಮ್ಯಾಲ ಅಪ್ಪನ ದನಿ ಯಾರಿಗೂ ಕೇಳಲಿಲ್ಲ. ಮಧ್ಯಾಹ್ನ ಎತ್ತಿದರು. ನಮ್ಮ ಮನೆತನದಾಗ ಹೆಂಗಸರು ಕುಣಿ ತನಕ ಹೋಗೋದಿಲ್ಲ. ಅವ್ವ ಹೊಸ್ತಿಲದಾಗ ನಿಂತಳು.

ಸಂಜಿಗೆ ಗಂಡಸರು ಬಂದು ಜಳಕ ಮಾಡಿದ್ರು. ಅವ್ವ ನಮ್ಮಣ್ಣನ ಮುಂದ ಕೈ ಚಾಚಿ, "ಮೊಬೈಲ್ ಕೊಡಪಾ" ಅಂದ್ಳು.

"ಯಾವ ಮೊಬೈಲ್ ಬೇ?"

"ಅಪ್ಪನ ಶಾಲಿನ್ಯಾಗ ಇತ್ತಲ್ಲ."

ಅಣ್ಣನ ಮುಖ ಬಿಳುಚಿತು. ಕುಣ್ಯಾಗ ಇಳಿದು ಇಬತ್ತಿ, ಪತ್ರಿ ಸುರಿದವನು ಅವನೇ. ಸುತ್ತ ತಾಳ, ಮಂತ್ರ. ಯಾರಿಗೂ ಏನೂ ಕೇಳಿಲ್ಲ. "ಅಷ್ಟು ಮಂದಿ ಗಂಡಸರು ಹೋಗಿದ್ರಿ, ಒಬ್ಬರಿಗೂ ಕಣ್ಣು ಇದ್ದಿಲ್ಲೇನು?" ಅಂತ ನಾನು ಚೀರಿದೆ. ನಂಬರಿಗೆ ಹಚ್ಚಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಒಬ್ಬಾಕಿ ನಯವಾಗಿ ಹೇಳಿದಳು. ನನ್ನ ಮೊಬೈಲ್ ಹಾಸಿಗಿ ಮ್ಯಾಲ ಒಗೆದೆ.

ಅಣ್ಣ ಸಲಿಕಿ ತಗೊಂಡ. ಕಾಕ ಅಡ್ಡ ಬಂದ. "ಮುಚ್ಚಿದ ಸಮಾಧಿ ಕೆದರ್ತಾರೇನಲೇ?"

"ಅಪ್ಪನ ದನಿ ಅದರಾಗೇ ಐತಿ, ಕಾಕಾ. ಮತ್ತೆಲ್ಲೂ ಇಲ್ಲ."

ಇಬ್ಬರೂ ಒಂದೇ ಸಲಿಕಿ ಹಿಡಕೊಂಡು ಅಳಾಕ ಹತ್ತಿದರು. ಎಲ್ಲಾರೂ ಅವ್ವನ ಕಡೆ ನೋಡಿದ್ವಿ. ಅವ್ವ ಬಂದು ಸಲಿಕಿ ಮ್ಯಾಲ ಕೈ ಇಟ್ಟಳು. "ಸಲಿಕಿ ಇಡು," ಅಂದ್ಳು. "ಅವರನ್ನ ಎಬ್ಬಿಸಬ್ಯಾಡ. ಹಾಡಾಕತ್ಯಾರ."

ದೀಪ ಹಚ್ಚೋ ಹೊತ್ತಿಗೆ ಅಪ್ಪನ ತಂಗಿ, ನಮ್ಮ ಸ್ವಾದರತ್ತಿ, ನಾಲ್ಕು ಹೆಂಗಸರನ್ನ ಕರಕೊಂಡು ಬಳಿ ಒಡಿಯಾಕ ಬಂದ್ಲು. ಅವ್ವ ಎರಡೂ ಕೈ ಸೆರಗಿನ್ಯಾಗ ಮುಚ್ಚಿಕೊಂಡಳು. "ಮುಂಜಾನಿ ಫುಲ್ ಚಾರ್ಜ್ ಇತ್ತು. ಇನ್ನ ಐತಿ. ಅವರ ದನಿ ನಿಂತ ಮ್ಯಾಲ ಬರ್ರಿ."

"ಹಿಂಗಂದ್ರ ಹೆಂಗ, ವೈನಿ? ಮಂದಿ ಏನಂದಾರು?"

"ಆ ಮೊಬೈಲಿನ ಚಾರ್ಜ್ ಮಂದಿಗೇನು ಗೊತ್ತು?"

ಇಬತ್ತಿ ಹೊಕ್ಕೋ, ಮಣ್ಣಿನ ಭಾರಕ್ಕ ಬಟನ್ ಒತ್ತಿಯೋ ಅದು ಆಗಲೇ ನಿಂತಿರಬೇಕು ಅಂತ ನನಗ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಹೇಳಿದ್ದರ ಅವ್ವನ ಗಂಡನ್ನ ನಾನೇ ಇನ್ನೊಮ್ಮೆ ಕೊಂದಂಗ ಆಗ್ತಿತ್ತು.

ಮರುದಿನ ಮುಂಜಾನಿ ಅವ್ವ ಜಳಕ ಮಾಡಿ ಜಗಲಿ ಮುಂದ ಕುಂತಳು, ಅಪ್ಪ ಕೂಡ್ತಿದ್ದ ಜಾಗದಾಗ. ತುಟಿ ಅಲ್ಲಾಡಾಕ ಹತ್ತಿದವು. ಅವನು ಕೆಮ್ಮೋ ಜಾಗಕ್ಕ ಬಂದಾಗ ನಿಂತವು, ಮತ್ತ ಅಲ್ಲಾಡಿದವು. ಎಷ್ಟು ಹೊತ್ತು ಹಂಗ ಕುಂತಿದ್ಲೋ, ನಾನು ಅಡಿಗಿಮನಿ ಬಾಗಿಲಿಗೆ ಆತುಕೊಂಡು ನೋಡಿಕೋತ ನಿಂತಿದ್ದೆ. ಆಮ್ಯಾಲ ಒಡಿಲಾರದಂಗ ಒಂದೊಂದೇ ಬಳಿ ಕೈಯಿಂದ ಜಾರಿಸಿ, ಮೊಬೈಲ್ ಇಡ್ತಿದ್ದ ಕಡೆ ಇಟ್ಟಳು.

"ನಿಮ್ಮ ಸ್ವಾದರತ್ತಿನ್ನ ಕರಿ," ಅಂದ್ಳು. "ನಿಮ್ಮಪ್ಪ ಬಂದ್ ಮಾಡು ಅಂದ್ರು."